ಅಂಟಾರ್ಕ್ಟಿಕಾದ ಹಿಮ ಕರಗಿದರೆ ಥಾಣೆ ಖಾಡಿಗೆ ಎಷ್ಟು ನೀರು? ಹಿಮಹಾಸಿನ ಏರಿಳಿತವನ್ನು ಲೆಕ್ಕ ಹಾಕುವ ಬಗೆ

ಮಳೆಗಾಲದಲ್ಲಿ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿಯ ಜನ ಎರಡು ಸಂಗತಿಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಒಂದು ಮಳೆ, ಇನ್ನೊಂದು ಸಮುದ್ರದ ಉಬ್ಬರದ ಸಮಯ. ಇವೆರಡೂ ಒಂದೇ ಹೊತ್ತಿಗೆ ಬಂದರೆ ನಾಲೆಗಳ ನೀರು ಖಾಡಿಗೆ ಇಳಿಯದೆ ರಸ್ತೆಯಲ್ಲೇ ನಿಲ್ಲುತ್ತದೆ, ಲೋಕಲ್ ರೈಲು ತಡವಾಗುತ್ತದೆ. ಉಬ್ಬರ ದಿನಕ್ಕೆರಡು ಬಾರಿ ಬಂದು ಹೋಗುತ್ತದೆ. ಆದರೆ ಆ ಉಬ್ಬರ ಯಾವ ಮಟ್ಟದ ಮೇಲೆ ನಿಂತು ಏರುತ್ತದೆ ಎಂಬುದು ಇಲ್ಲಿಂದ ಸಾವಿರಾರು ಕಿಲೋಮೀಟರ್ ದೂರದ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಮಂಜುಗಡ್ಡೆಗೂ ಸಂಬಂಧಿಸಿದೆ.

ಆ ಮಂಜುಗಡ್ಡೆ ಮುಂದಿನ 50 ಅಥವಾ 100 ವರ್ಷಗಳಲ್ಲಿ ಎಷ್ಟು ಕುಗ್ಗಬಹುದು? ಇದನ್ನು ತಿಳಿಯಲು ವಿಜ್ಞಾನಿಗಳು ಕಂಪ್ಯೂಟರ್ ಮಾದರಿಗಳನ್ನು ಬಳಸುತ್ತಾರೆ. ಈ ಮಾದರಿಗಳು ಹೇಗೆ ಕೆಲಸ ಮಾಡುತ್ತವೆ, ಅವುಗಳನ್ನು ಎಷ್ಟು ನಂಬಬಹುದು, ನಮ್ಮ ಊರುಗಳ ಮಟ್ಟಿಗೆ ಅವು ಏನು ಹೇಳುತ್ತವೆ ಎಂಬ ಮಾಹಿತಿ ಇಲ್ಲಿದೆ.

ಹಿಮಹಾಸು, ಹಿಮಟೋಪಿ, ಹಿಮನದಿ: ವ್ಯತ್ಯಾಸವೇನು?

ಬೆಟ್ಟದ ಕಣಿವೆಯಲ್ಲಿ ಮೆಲ್ಲಗೆ ಜಾರುವ ಮಂಜುಗಡ್ಡೆಯ ರಾಶಿಯೇ ಹಿಮನದಿ. ನಮ್ಮ ಹಿಮಾಲಯದಲ್ಲಿ ಇರುವುದು ಹೆಚ್ಚಾಗಿ ಇವೇ. ಬೆಟ್ಟಗಳನ್ನೂ ಮುಚ್ಚಿಕೊಂಡು ಎಲ್ಲ ದಿಕ್ಕಿಗೂ ಹರಡಿದ, ಆದರೆ 50,000 ಚದರ ಕಿ.ಮೀ.ಗಿಂತ ಚಿಕ್ಕದಾದ ರಾಶಿಯನ್ನು ಹಿಮಟೋಪಿ ಎನ್ನಬಹುದು. ಐಸ್‌ಲ್ಯಾಂಡ್‌ನಲ್ಲಿ ಇಂಥವುಗಳಿವೆ. ಅದಕ್ಕಿಂತ ದೊಡ್ಡದು ಹಿಮಹಾಸು. ಇಂದು ಭೂಮಿಯ ಮೇಲೆ ಉಳಿದಿರುವುದು ಎರಡೇ ಹಿಮಹಾಸುಗಳು: ಸುಮಾರು 17 ಲಕ್ಷ ಚದರ ಕಿ.ಮೀ. ವಿಸ್ತಾರದ ಗ್ರೀನ್‌ಲ್ಯಾಂಡ್ ಮತ್ತು ಸುಮಾರು 1.4 ಕೋಟಿ ಚದರ ಕಿ.ಮೀ. ವಿಸ್ತಾರದ ಅಂಟಾರ್ಕ್ಟಿಕಾ.

ಗ್ರೀನ್‌ಲ್ಯಾಂಡ್‌ನ ಹಿಮ ಪೂರ್ತಿ ಕರಗಿದರೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 7.4 ಮೀಟರ್ ಏರುತ್ತದೆ. ಅಂಟಾರ್ಕ್ಟಿಕಾದ ಹಿಮದಲ್ಲಿ ಸುಮಾರು 58 ಮೀಟರ್ ಏರಿಸುವಷ್ಟು ನೀರಿದೆ. ಇದು ನಮ್ಮ ಕಾಲದಲ್ಲಿ ಆಗುವ ಮಾತಲ್ಲ. ಅಷ್ಟು ಹಿಮ ಕರಗಲು ಸಾವಿರಾರು ವರ್ಷ ಬೇಕು. ಆದರೆ ಅದರಲ್ಲಿ ನೂರಕ್ಕೆ ಒಂದು ಭಾಗ ಕರಗಿದರೂ ಖಾಡಿ ದಂಡೆಯ ನಗರಗಳಿಗೆ ದೊಡ್ಡ ವಿಷಯವೇ.

ಸಮುದ್ರದಲ್ಲಿ ಈಗಾಗಲೇ ತೇಲುತ್ತಿರುವ ಮಂಜುಗಡ್ಡೆ ಕರಗಿದರೆ ಮಟ್ಟ ಹೆಚ್ಚೇನೂ ಏರುವುದಿಲ್ಲ. ಲೋಟದ ಪಾನಕದಲ್ಲಿ ತೇಲುವ ಐಸ್ ಕರಗಿದರೂ ಪಾನಕ ಉಕ್ಕದಿರುವಂತೆ. ಏರಿಕೆ ಬರುವುದು ನೆಲದ ಮೇಲಿರುವ ಹಿಮ ಸಮುದ್ರ ಸೇರಿದಾಗ.

ಹಿಂದೆ ಏನಾಗಿತ್ತು?

ಸುಮಾರು 21,000 ವರ್ಷಗಳ ಹಿಂದೆ ಹಿಮಯುಗ ತುದಿಯಲ್ಲಿತ್ತು. ಕೆನಡಾ ಮತ್ತು ಉತ್ತರ ಯುರೋಪಿನ ಮೇಲೂ ಹಿಮಹಾಸುಗಳಿದ್ದವು. ಅಷ್ಟು ನೀರು ನೆಲದ ಮೇಲೆ ಹೆಪ್ಪುಗಟ್ಟಿದ್ದರಿಂದ ಸಮುದ್ರ ಮಟ್ಟ ಇಂದಿಗಿಂತ 120 ಮೀಟರ್‌ಗೂ ಹೆಚ್ಚು ಕೆಳಗಿತ್ತು. ಮುಂಬಯಿ ಎದುರಿನ ಸಮುದ್ರತಳ ಬಹಳ ದೂರದವರೆಗೆ ಆಳವಿಲ್ಲದ್ದು. ಆಗ ಅದರ ಬಹುಭಾಗ ಒಣ ನೆಲವಾಗಿತ್ತು. ಇಂದಿನ ಥಾಣೆ ಖಾಡಿಗೆ ಆಗ ಸಮುದ್ರದ ನೀರು ತಲುಪುತ್ತಲೇ ಇರಲಿಲ್ಲ.

ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ. ಸುಮಾರು 1,25,000 ವರ್ಷಗಳ ಹಿಂದಿನ ಬೆಚ್ಚನೆಯ ಕಾಲದಲ್ಲಿ ಜಾಗತಿಕ ತಾಪಮಾನ ಕೈಗಾರಿಕಾ ಯುಗದ ಮೊದಲಿಗಿಂತ 0.5ರಿಂದ 1.5 ಡಿಗ್ರಿಯಷ್ಟೇ ಹೆಚ್ಚಿತ್ತು. ಆದರೂ ಸಮುದ್ರ ಇಂದಿಗಿಂತ 5ರಿಂದ 10 ಮೀಟರ್ ಮೇಲಿತ್ತು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಹೇಳುತ್ತದೆ.

ಈ ಹಿಂದಿನ ಏರಿಳಿತಕ್ಕೆ ಚಾಲನೆ ಕೊಟ್ಟದ್ದು ಭೂಮಿಯ ಕಕ್ಷೆ ಮತ್ತು ಅಕ್ಷದ ನಿಧಾನ ಬದಲಾವಣೆ. ಸುಮಾರು 23,000, 41,000 ಮತ್ತು 1,00,000 ವರ್ಷಗಳ ಈ ಚಕ್ರಗಳನ್ನು ಸರ್ಬಿಯಾದ ಗಣಿತಜ್ಞ ಮಿಲುಟಿನ್ ಮಿಲಾಂಕೊವಿಚ್ 20ನೇ ಶತಮಾನದ ಮೊದಲಾರ್ಧದಲ್ಲಿ ಕೈಯಲ್ಲೇ ಲೆಕ್ಕ ಹಾಕಿದರು. ಉತ್ತರ ಗೋಳಾರ್ಧದ ಬೇಸಿಗೆ ತಣ್ಣಗಿದ್ದರೆ ಚಳಿಗಾಲದ ಹಿಮ ಪೂರ್ತಿ ಕರಗದೆ ಉಳಿದು, ವರ್ಷದಿಂದ ವರ್ಷಕ್ಕೆ ಬೆಳೆದು ಹಿಮಹಾಸಾಗುತ್ತದೆ ಎಂಬುದು ಅವರ ವಾದದ ತಿರುಳು. ಈಗಿನ ಬದಲಾವಣೆಗೆ ಮಾತ್ರ ಕಾರಣ ಮನುಷ್ಯ ಹೊರಬಿಡುತ್ತಿರುವ ಇಂಗಾಲದ ಅನಿಲಗಳು, ಮತ್ತು ಅದರ ವೇಗ ಬಹಳ ಹೆಚ್ಚು.

ಮಾದರಿಯ ಮೊದಲ ಹೆಜ್ಜೆ: ಜಮಾ-ಖರ್ಚಿನ ಲೆಕ್ಕ

ಹಿಮಹಾಸನ್ನು ಒಂದು ಬ್ಯಾಂಕ್ ಖಾತೆ ಎಂದುಕೊಳ್ಳಿ. ಬೀಳುವ ಹಿಮ ಜಮಾ. ಕರಗಿ ಹರಿದು ಹೋಗುವ ನೀರು, ಅಂಚಿನಲ್ಲಿ ಮುರಿದು ಸಮುದ್ರಕ್ಕೆ ಬೀಳುವ ಹಿಮಗುಡ್ಡೆಗಳು ಖರ್ಚು. ಜಮಾ ಹೆಚ್ಚಾದರೆ ಹಾಸು ಬೆಳೆಯುತ್ತದೆ, ಖರ್ಚು ಹೆಚ್ಚಾದರೆ ಕುಗ್ಗುತ್ತದೆ.

ಕರಗುವಿಕೆಯನ್ನು ಲೆಕ್ಕ ಹಾಕಲು ಒಂದು ಸರಳ ವಿಧಾನವಿದೆ. ತಾಪಮಾನ ಶೂನ್ಯಕ್ಕಿಂತ ಎಷ್ಟು ಡಿಗ್ರಿ ಮೇಲಿತ್ತು, ಎಷ್ಟು ದಿನ ಇತ್ತು ಎಂಬುದನ್ನು ಗುಣಿಸುವುದು. ಒಂದು ಡಿಗ್ರಿ ಒಂದು ದಿನ ಇದ್ದರೆ ಹೊಸ ಹಿಮ ಸುಮಾರು 3 ಮಿ.ಮೀ.ನಷ್ಟು, ಗಟ್ಟಿ ಮಂಜುಗಡ್ಡೆ ಸುಮಾರು 8 ಮಿ.ಮೀ.ನಷ್ಟು ನೀರಾಗುತ್ತದೆ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪಾದ ಹಳೆಯ ಮಂಜುಗಡ್ಡೆ ಹೀರಿಕೊಳ್ಳುತ್ತದೆ. ಅದಕ್ಕೇ ಈ ವ್ಯತ್ಯಾಸ.

ಒಂದು ಉದಾಹರಣೆ ನೋಡೋಣ. ಒಂದು ಜಾಗದಲ್ಲಿ ವರ್ಷಕ್ಕೆ 300 ಮಿ.ಮೀ. ನೀರಿಗೆ ಸಮನಾದ ಹಿಮ ಬೀಳುತ್ತದೆ. ಬೇಸಿಗೆಯಲ್ಲಿ 50 ದಿನ ಸರಾಸರಿ 2 ಡಿಗ್ರಿ ಇರುತ್ತದೆ. 50ನ್ನು 2ರಿಂದ ಗುಣಿಸಿದರೆ 100. ಅದನ್ನು 3ರಿಂದ ಗುಣಿಸಿದರೆ 300 ಮಿ.ಮೀ. ಬಿದ್ದಷ್ಟೇ ಕರಗಿತು, ಲೆಕ್ಕ ಸರಿಹೋಯಿತು. ಈಗ ಬೇಸಿಗೆ ಒಂದೇ ಡಿಗ್ರಿ ಹೆಚ್ಚು ಬಿಸಿಯಾಯಿತು ಎನ್ನಿ. 50ನ್ನು 3ರಿಂದ ಗುಣಿಸಿದರೆ 150. ಮೊದಲ 100ಕ್ಕೆ ಆ ವರ್ಷದ ಹಿಮವೆಲ್ಲ ಖಾಲಿ. ಉಳಿದ 50 ಕೆಳಗಿನ ಹಳೆಯ ಮಂಜುಗಡ್ಡೆಯನ್ನು ಕರಗಿಸುತ್ತದೆ: 50ಕ್ಕೆ 8ರಂತೆ 400 ಮಿ.ಮೀ. ನಷ್ಟ. ಒಂದು ಡಿಗ್ರಿಯ ವ್ಯತ್ಯಾಸ ಸಮತೋಲನದಲ್ಲಿದ್ದ ಖಾತೆಯನ್ನು ದೊಡ್ಡ ಸಾಲಕ್ಕೆ ತಳ್ಳಿತು. ತಾಪಮಾನ ಏರಿದ ಪ್ರಮಾಣದಲ್ಲೇ ಕರಗುವಿಕೆಯೂ ಏರುತ್ತದೆ ಎಂದು ಭಾವಿಸುವುದು ತಪ್ಪು ಎಂಬುದು ಇದರಿಂದ ತಿಳಿಯುತ್ತದೆ.

ಎರಡನೇ ಹೆಜ್ಜೆ: ಮಂಜುಗಡ್ಡೆಯ ಹರಿವು

ಮಂಜುಗಡ್ಡೆ ಕೈಗೆ ಗಟ್ಟಿ. ಆದರೆ ಕಿಲೋಮೀಟರ್‌ಗಟ್ಟಲೆ ದಪ್ಪವಾದಾಗ ತನ್ನದೇ ಭಾರಕ್ಕೆ ಗಟ್ಟಿ ಜೇನಿನಂತೆ ಮೆಲ್ಲಗೆ ಹರಿಯುತ್ತದೆ. ಬ್ರಿಟಿಷ್ ವಿಜ್ಞಾನಿ ಜಾನ್ ಗ್ಲೆನ್ 1950ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಇದನ್ನು ಅಳೆದರು. ಅವರ ನಿಯಮದ ಪ್ರಕಾರ ಒತ್ತಡ ಎರಡು ಪಟ್ಟಾದರೆ ಮಂಜುಗಡ್ಡೆ ರೂಪ ಬದಲಿಸುವ ವೇಗ ಸುಮಾರು ಎಂಟು ಪಟ್ಟಾಗುತ್ತದೆ. ಇಂದಿನ ಬಹುತೇಕ ಮಾದರಿಗಳ ಬೆನ್ನೆಲುಬು ಇದೇ.

ಈ ಹರಿವಿನಿಂದಲೇ ಹಿಮಹಾಸಿಗೆ ಗುಮ್ಮಟದ ಆಕಾರ ಬರುತ್ತದೆ. ಸರಳ ಸೂತ್ರವೊಂದರ ಪ್ರಕಾರ ನಡುವಿನಿಂದ ಅಂಚಿಗೆ 500 ಕಿ.ಮೀ. ಇರುವ ಹಾಸಿನ ನಡುವಿನ ಎತ್ತರ ಸುಮಾರು 3,300 ಮೀಟರ್. ಗ್ರೀನ್‌ಲ್ಯಾಂಡ್‌ನ ಅತಿ ದಪ್ಪ ಭಾಗ ಇದಕ್ಕೆ ಹತ್ತಿರವೇ ಇದೆ. ಅಗಲ ಕಾಲು ಭಾಗಕ್ಕೆ ಇಳಿದರೆ ಎತ್ತರ ಅರ್ಧಕ್ಕೆ ಇಳಿಯುತ್ತದೆ.

ಕಂಪ್ಯೂಟರ್ ಮಾದರಿಯಲ್ಲಿ ಇಡೀ ಹಾಸನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಭಜಿಸುತ್ತಾರೆ. ಪ್ರತಿ ಚೌಕಕ್ಕೂ ಎಷ್ಟು ಹಿಮ ಬಿತ್ತು, ಎಷ್ಟು ಕರಗಿತು, ಪಕ್ಕದ ಚೌಕದಿಂದ ಎಷ್ಟು ಹರಿದು ಬಂತು, ಎಷ್ಟು ಹೊರಹೋಯಿತು ಎಂದು ಲೆಕ್ಕ ಹಾಕಿ ಹೊಸ ದಪ್ಪವನ್ನು ಪಡೆಯುತ್ತಾರೆ. ಆ ಹೊಸ ಆಕಾರದಿಂದ ಮತ್ತೆ ಲೆಕ್ಕ. ಹೀಗೆ ಸಾವಿರಾರು ಬಾರಿ. ಅಡಿಯ ನೆಲ ಭಾರಕ್ಕೆ ಕುಸಿಯುವುದನ್ನೂ ಸೇರಿಸಬೇಕು. ಮೂರು ಕಿ.ಮೀ. ದಪ್ಪದ ಹಿಮ ಕೆಳಗಿನ ನೆಲವನ್ನು ಕಾಲಕ್ರಮೇಣ ಒಂದು ಕಿ.ಮೀ.ಗೆ ಸ್ವಲ್ಪ ಕಡಿಮೆ ತಗ್ಗಿಸಬಲ್ಲದು. ಕೆನಡಾದ ಹಡ್ಸನ್ ಕೊಲ್ಲಿಯ ಸುತ್ತ ಹಿಮ ಹೋಗಿ ಸಾವಿರಾರು ವರ್ಷವಾದರೂ ನೆಲ ಇಂದಿಗೂ ವರ್ಷಕ್ಕೆ ಸುಮಾರು ಒಂದು ಸೆಂ.ಮೀ. ಮೇಲೇಳುತ್ತಿದೆ.

ಒಂದು ಸಲ ಕುಗ್ಗಲು ಶುರುವಾದರೆ?

ಬೆಳೆಯುವಾಗಲೂ ಕುಗ್ಗುವಾಗಲೂ ಹಿಮಹಾಸು ತನ್ನ ಬದಲಾವಣೆಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಇದಕ್ಕೆ ಮೂರು ಮುಖ್ಯ ಕಾರಣಗಳಿವೆ.

ಮೊದಲನೆಯದು ಎತ್ತರ. ಎತ್ತರಕ್ಕೆ ಹೋದಂತೆ ಪ್ರತಿ ಕಿ.ಮೀ.ಗೆ ಸುಮಾರು 6.5 ಡಿಗ್ರಿ ತಂಪು. ಹಾಸಿನ ಮೇಲ್ಮೈ 500 ಮೀಟರ್ ತಗ್ಗಿದರೆ ಹೊರಗಿನ ಹವಾಮಾನ ಬದಲಾಗದಿದ್ದರೂ ಅದು 3 ಡಿಗ್ರಿಗೂ ಹೆಚ್ಚು ಬೆಚ್ಚಗಿನ ಗಾಳಿಗೆ ಇಳಿದಂತೆ.

ಎರಡನೆಯದು ಬಣ್ಣ. ಬಿಳಿ ಹಿಮ ಹೋಗಿ ಕಪ್ಪು ನೆಲ ಅಥವಾ ನೀರು ಕಂಡರೆ ಬಿಸಿಲು ಹೆಚ್ಚು ಹೀರಲ್ಪಡುತ್ತದೆ.

ಮೂರನೆಯದು ಸಮುದ್ರ. ಪಶ್ಚಿಮ ಅಂಟಾರ್ಕ್ಟಿಕಾದ ಬಹುಭಾಗದಲ್ಲಿ ಹಿಮ ಕೂತಿರುವ ನೆಲವೇ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಅದೂ ಒಳಗೆ ಹೋದಂತೆ ಇನ್ನಷ್ಟು ಆಳ. ಬೆಚ್ಚಗಿನ ನೀರು ಅಡಿಯಿಂದ ಕೊರೆದು ಅಂಚು ಹಿಂದೆ ಸರಿದರೆ ಅಲ್ಲಿ ಹಿಮ ಇನ್ನೂ ದಪ್ಪ, ಹರಿವು ಇನ್ನೂ ವೇಗ. ಅಮೆರಿಕದ ವಿಜ್ಞಾನಿ ಜೋಹಾನ್ಸ್ ವೀರ್ಟ್‌ಮನ್ 1974ರಲ್ಲಿ ಈ ಅಸ್ಥಿರತೆಯನ್ನು ಗಣಿತದ ಮೂಲಕ ತೋರಿಸಿದರು. ಈಗ ಸುದ್ದಿಯಲ್ಲಿರುವ ಥ್ವೈಟ್ಸ್ ಹಿಮನದಿಯ ಬಗ್ಗೆ ಆತಂಕವಿರುವುದು ಇದೇ ಕಾರಣಕ್ಕೆ.

ಮಾದರಿ ಸರಿಯೇ ಎಂದು ಪರೀಕ್ಷಿಸುವುದು ಹೇಗೆ? ನವಿ ಮುಂಬಯಿಯ ಪಾತ್ರವೇನು?

ಲೆಕ್ಕವನ್ನು ಅಳತೆಯೊಂದಿಗೆ ಹೋಲಿಸಬೇಕು. 2002ರಿಂದ 2017ರವರೆಗೆ ಗ್ರೇಸ್, 2018ರಿಂದ ಅದರ ಉತ್ತರಾಧಿಕಾರಿ ಉಪಗ್ರಹ ಜೋಡಿ ಭೂಮಿಯ ಗುರುತ್ವದ ಸೂಕ್ಷ್ಮ ವ್ಯತ್ಯಾಸವನ್ನು ಅಳೆದು ಹಿಮವನ್ನು ಅಕ್ಷರಶಃ ತೂಗುತ್ತಿವೆ. ನಾಸಾ ಪ್ರಕಾರ ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ 27,000 ಕೋಟಿ ಟನ್‌ನಷ್ಟು, ಅಂಟಾರ್ಕ್ಟಿಕಾ ಸುಮಾರು 15,000 ಕೋಟಿ ಟನ್‌ನಷ್ಟು ಹಿಮ ಕಳೆದುಕೊಳ್ಳುತ್ತಿವೆ. ಸುಮಾರು 36,000 ಕೋಟಿ ಟನ್ ಹಿಮ ಕರಗಿದರೆ ಜಗತ್ತಿನ ಸಮುದ್ರ ಒಂದು ಮಿ.ಮೀ. ಏರುತ್ತದೆ.

ಹಿಮ ಎಷ್ಟು ವೇಗವಾಗಿ ಚಲಿಸುತ್ತಿದೆ ಎಂಬುದನ್ನು ಅಲ್ಲಿಗೇ ಹೋಗಿ ಅಳೆಯುವುದೂ ಉಂಟು. ಈ ಕೆಲಸದಲ್ಲಿ ನಮ್ಮ ನೆರೆಯ ಸಂಸ್ಥೆಯೊಂದರ ಪಾಲಿದೆ. ನವಿ ಮುಂಬಯಿಯ ನ್ಯೂ ಪನ್ವೇಲ್‌ನಲ್ಲಿರುವ ಭಾರತೀಯ ಭೂಕಾಂತತ್ವ ಸಂಸ್ಥೆಯ ಮೂಲ 19ನೇ ಶತಮಾನದ ಕೊಲಾಬಾ ವೀಕ್ಷಣಾಲಯ. ಮುಂಬಯಿಯಲ್ಲಿ ವಿದ್ಯುತ್ ಟ್ರಾಮ್ ಬರುವುದಿದ್ದಾಗ ಸೂಕ್ಷ್ಮ ಕಾಂತೀಯ ಅಳತೆಗೆ ಅಡ್ಡಿಯಾಗುತ್ತದೆಂದು 1904ರಲ್ಲಿ ಆ ಕೆಲಸವನ್ನು ಅಲಿಬಾಗ್‌ಗೆ ಸಾಗಿಸಲಾಯಿತು. ಇಂದು ಈ ಸಂಸ್ಥೆ ಅಂಟಾರ್ಕ್ಟಿಕಾದ ಭಾರತೀಯ ನೆಲೆಗಳಲ್ಲೂ ವೀಕ್ಷಣೆ ನಡೆಸುತ್ತದೆ. ಅದರ ವಿಜ್ಞಾನಿಗಳು ಮೈತ್ರಿ ನೆಲೆಯ ಸಮೀಪದ ಶಿರ್ಮಾಕರ್ ಹಿಮನದಿಯ ಮೇಲೆ ಜಿಪಿಎಸ್ ಇಟ್ಟು ಅದರ ಚಲನೆಯನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಬೇರೆ ಬೇರೆ ಜಾಗಗಳಲ್ಲಿ ವರ್ಷಕ್ಕೆ ಸುಮಾರು 2ರಿಂದ 11 ಮೀಟರ್ ಚಲನೆ ಕಂಡುಬಂತು. ಗ್ರೀನ್‌ಲ್ಯಾಂಡ್‌ನ ಯಾಕೊಬ್ಸ್‌ಹಾವ್ನ್ ಹಿಮನದಿ ದಿನವೊಂದಕ್ಕೇ ಹತ್ತಾರು ಮೀಟರ್ ಸರಿದದ್ದಿದೆ. ಮಾದರಿಗಳು ಇಂಥ ನಿಧಾನ ಮತ್ತು ವೇಗ ಎರಡನ್ನೂ ಸರಿಯಾಗಿ ತೋರಿಸಬೇಕು.

ಭಾರತದ ಮೊದಲ ಅಂಟಾರ್ಕ್ಟಿಕ ನೆಲೆ ದಕ್ಷಿಣ ಗಂಗೋತ್ರಿಯ ಕತೆಯೂ ಇಲ್ಲಿ ನೆನಪಾಗುತ್ತದೆ. 1983-84ರಲ್ಲಿ ಸಮುದ್ರದ ಮೇಲೆ ಚಾಚಿದ ಹಿಮದ ಮೇಲೆ ಕಟ್ಟಿದ ಈ ನೆಲೆ ಕೆಲವೇ ವರ್ಷಗಳಲ್ಲಿ ಹಿಮದಲ್ಲಿ ಹೂತುಹೋಯಿತು. ಬಳಿಕ ಗಟ್ಟಿ ಬಂಡೆಯ ಮೇಲೆ ಮೈತ್ರಿ, 2012ರಲ್ಲಿ ಭಾರತಿ ನೆಲೆ ಬಂದವು. ಒಂದು ಕಡೆ ಹಿಮ ಜಮೆಯಾಗುತ್ತಲೇ ಇನ್ನೊಂದು ಕಡೆ ಖರ್ಚಾಗುತ್ತಿರಬಹುದು ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ.

ಹಿಮಾಲಯಕ್ಕೂ ಇದೇ ಬಗೆಯ ಮಾದರಿಗಳನ್ನು ಬಳಸಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ ಹಿಮನದಿಗಳ ಅಧ್ಯಯನ ನಡೆಸಿದೆ. ಥಾಣೆಗೆ ಹತ್ತಿರದ ಪೊವಾಯಿಯ ಐಐಟಿ ಬಾಂಬೆಯ ಸಂಶೋಧಕರು ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯ ದಪ್ಪವನ್ನು ಮಾದರಿಯಿಂದ ಅಂದಾಜಿಸಿದ್ದಾರೆ.

ನೀರು ಎಲ್ಲೆಡೆ ಸಮನಾಗಿ ಏರುವುದಿಲ್ಲ

ಹಿಮಹಾಸು ಎಷ್ಟು ದೊಡ್ಡದೆಂದರೆ ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರವನ್ನೇ ತನ್ನತ್ತ ಎಳೆದುಕೊಂಡಿರುತ್ತದೆ. ಹಿಮ ಕರಗಿದರೆ ಆ ಎಳೆತ ಸಡಿಲವಾಗಿ ನೀರು ದೂರ ಸರಿಯುತ್ತದೆ. ಆದ್ದರಿಂದ ಗ್ರೀನ್‌ಲ್ಯಾಂಡ್ ಕರಗಿದರೆ ಅದರ ಪಕ್ಕದಲ್ಲೇ ಸಮುದ್ರ ಇಳಿಯುತ್ತದೆ. ದೂರದ ಉಷ್ಣವಲಯದಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ.

ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ವಿಜ್ಞಾನಿಗಳು 2017ರಲ್ಲಿ ಜಗತ್ತಿನ 293 ಬಂದರು ನಗರಗಳಿಗೆ ಯಾವ ಭಾಗದ ಹಿಮ ಎಷ್ಟು ಪರಿಣಾಮ ಬೀರುತ್ತದೆ ಎಂದು ಲೆಕ್ಕ ಹಾಕಿದರು. ಆಗಿನ ಕರಗುವ ದರವೇ ಮುಂದುವರಿದರೆ 100 ವರ್ಷದಲ್ಲಿ ನೆಲದ ಹಿಮದಿಂದಲೇ ಮಂಗಳೂರಿನಲ್ಲಿ ಸುಮಾರು 16 ಸೆಂ.ಮೀ., ಮುಂಬಯಿಯಲ್ಲಿ ಸುಮಾರು 15 ಸೆಂ.ಮೀ. ಏರಿಕೆಯಾಗಬಹುದು ಎಂದು ಅದು ತೋರಿಸಿತು. ಗ್ರೀನ್‌ಲ್ಯಾಂಡ್‌ಗೆ ಹೆಚ್ಚು ಹತ್ತಿರದ ನ್ಯೂಯಾರ್ಕ್‌ಗೆ ಈ ಅಂಕಿ ಸುಮಾರು 11 ಸೆಂ.ಮೀ. ಮಾತ್ರ. ನೀರು ಬೆಚ್ಚಗಾಗಿ ಹಿಗ್ಗುವುದರಿಂದ ಆಗುವ ಏರಿಕೆ ಇದರಲ್ಲಿ ಸೇರಿಲ್ಲ. ಡೊಂಬಿವಲಿಯಲ್ಲಿ ಮನೆ ಮಾಡಿ ಊರಿನ ಮನೆ ಕರಾವಳಿಯಲ್ಲಿ ಉಳಿಸಿಕೊಂಡಿರುವ ಕುಟುಂಬಗಳಿಗೆ ಎರಡೂ ತುದಿಯಲ್ಲಿ ಲೆಕ್ಕ ಹೆಚ್ಚುಕಡಿಮೆ ಒಂದೇ.

2100ಕ್ಕೆ ಅಂದಾಜು ಏನು?

1901ರಿಂದ 2018ರವರೆಗೆ ಜಾಗತಿಕ ಸಮುದ್ರ ಮಟ್ಟ 20 ಸೆಂ.ಮೀ. ಏರಿದೆ. 1971ರವರೆಗೆ ವರ್ಷಕ್ಕೆ 1.3 ಮಿ.ಮೀ. ಇದ್ದ ದರ 2006ರಿಂದ 2018ರ ಅವಧಿಯಲ್ಲಿ 3.7 ಮಿ.ಮೀ.ಗೆ ಮುಟ್ಟಿತು. ಐಪಿಸಿಸಿಯ 2021ರ ವರದಿಯ ಪ್ರಕಾರ 1995-2014ರ ಸರಾಸರಿಗೆ ಹೋಲಿಸಿದರೆ 2100ರ ವೇಳೆಗೆ ಏರಿಕೆ ಹೀಗಿರಬಹುದು:

* ಹೊಗೆಯನ್ನು ತೀವ್ರವಾಗಿ ತಗ್ಗಿಸಿದರೆ: 28ರಿಂದ 55 ಸೆಂ.ಮೀ.
* ಹೊಗೆ ಅತಿ ಹೆಚ್ಚಾದರೆ: 63 ಸೆಂ.ಮೀ.ನಿಂದ 1.01 ಮೀಟರ್
* ಹಿಮಹಾಸುಗಳ ವಿಷಯದಲ್ಲಿ ಅನಿರೀಕ್ಷಿತ ಕುಸಿತವಾದರೆ: 2 ಮೀಟರ್‌ಗೆ ಹತ್ತಿರ, ಸಾಧ್ಯತೆ ಕಡಿಮೆ, ಆದರೆ ತಳ್ಳಿಹಾಕುವಂತಿಲ್ಲ

ಅನಿಶ್ಚಿತತೆಯ ದೊಡ್ಡ ಭಾಗ ಬರುವುದು ಅಂಟಾರ್ಕ್ಟಿಕಾದಿಂದ. ಹಲವು ದೇಶಗಳ ಮಾದರಿಗಳನ್ನು ಒಂದೇ ಷರತ್ತಿನಲ್ಲಿ ಓಡಿಸಿ ಹೋಲಿಸಿದ 2020ರ ಅಧ್ಯಯನದಲ್ಲಿ, ಹೊಗೆ ಹೆಚ್ಚಿದ್ದರೂ ಅಂಟಾರ್ಕ್ಟಿಕಾದ ಪಾಲು ಸಮುದ್ರವನ್ನು 8 ಸೆಂ.ಮೀ.ನಷ್ಟು ತಗ್ಗಿಸುವುದರಿಂದ ಹಿಡಿದು 30 ಸೆಂ.ಮೀ. ಏರಿಸುವವರೆಗೆ ಹರಡಿತ್ತು. ತಗ್ಗುವುದೇಕೆ? ಬೆಚ್ಚಗಿನ ಗಾಳಿ ಹೆಚ್ಚು ತೇವ ಹೊತ್ತು ತರುವುದರಿಂದ ಅಲ್ಲಿ ಹಿಮಪಾತವೂ ಹೆಚ್ಚಬಹುದು. ಜಮಾ ಹೆಚ್ಚೋ ಖರ್ಚು ಹೆಚ್ಚೋ ಎಂಬುದರ ಮೇಲೆ ಮಾದರಿಗಳ ನಡುವೆ ಇನ್ನೂ ಒಮ್ಮತವಿಲ್ಲ. ಹಾಗೆಂದು ಏನೂ ಗೊತ್ತಿಲ್ಲ ಎಂದಲ್ಲ. ತಾಪಮಾನ 2ರಿಂದ 3 ಡಿಗ್ರಿ ಹೆಚ್ಚಿದ ಮಟ್ಟದಲ್ಲೇ ನಿಂತರೆ ಗ್ರೀನ್‌ಲ್ಯಾಂಡ್ ಮತ್ತು ಪಶ್ಚಿಮ ಅಂಟಾರ್ಕ್ಟಿಕಾದ ಹಿಮ ಸಾವಿರಾರು ವರ್ಷಗಳಲ್ಲಿ ಬಹುತೇಕ ಪೂರ್ತಿ ಹೋಗುತ್ತದೆ ಎಂದು ಅದೇ ವರದಿ ಹೇಳುತ್ತದೆ. ಆದರೆ ಇದಕ್ಕಿರುವ ಸಾಕ್ಷ್ಯ ಸೀಮಿತ ಎಂದೂ ಅದು ಸೇರಿಸುತ್ತದೆ.

ನಮ್ಮ ಊರುಗಳಿಗೆ ಇದರ ಅರ್ಥವೇನು?

ಮುಂಬಯಿಯ ಅಪೋಲೊ ಬಂದರಿನಲ್ಲಿ 1878ರಿಂದ ಸಮುದ್ರ ಮಟ್ಟದ ದಾಖಲೆ ಇದೆ. ಹಿಂದೂ ಮಹಾಸಾಗರದ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಅದರಲ್ಲಿ ದೀರ್ಘಾವಧಿಯ ಏರಿಕೆ ವರ್ಷಕ್ಕೆ ಒಂದು ಮಿ.ಮೀ.ಗಿಂತ ತುಸು ಕಡಿಮೆ. ಇತ್ತೀಚಿನ ದಶಕಗಳ ದರ ಅದಕ್ಕಿಂತ ಹೆಚ್ಚು.

ಹಾಗಾದರೆ ಈಗಿನ ಪ್ರವಾಹಗಳಿಗೆಲ್ಲ ಸಮುದ್ರವೇ ಕಾರಣವೇ? ಅಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿಯಿತು. 2019ರ ಜುಲೈ 27ರಂದು ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ ಮತ್ತು ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಲುಕಿ, ಸುಮಾರು 1,050 ಪ್ರಯಾಣಿಕರನ್ನು ರಕ್ಷಿಸಬೇಕಾಯಿತು. ಇವು ಮಳೆಯ ಪ್ರವಾಹಗಳು. ಸಮುದ್ರ ಮಟ್ಟದ ಪಾತ್ರ ಬೇರೆ: ಬಂದ ನೀರು ಎಷ್ಟು ಬೇಗ ಹೊರಹೋಗುತ್ತದೆ ಎಂಬುದನ್ನು ಅದು ನಿರ್ಧರಿಸುತ್ತದೆ.

ಕಲ್ಯಾಣ್ ಮತ್ತು ಡೊಂಬಿವಲಿಯ ನೀರು ಉಲ್ಹಾಸ್ ಮೂಲಕ ವಸಾಯಿ ಕಡೆಗೆ ಹೋಗಬೇಕು. ಥಾಣೆ ಖಾಡಿ ನವಿ ಮುಂಬಯಿಯ ಪಶ್ಚಿಮ ಅಂಚು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಉಪ್ಪುನೀರಿನ ತಗ್ಗು ಜಾಗಗಳಲ್ಲಿ ನವಿ ಮುಂಬಯಿ ಕಟ್ಟುವಾಗ ನೀರು ಹಿಡಿದಿಡುವ ಕೆರೆಗಳನ್ನು ಮಾಡಿತು. ಉಬ್ಬರ ಬಂದಾಗ ಇವುಗಳ ಬಾಗಿಲು ಮುಚ್ಚಿ ಮಳೆನೀರು ಒಳಗೆ ನಿಲ್ಲುತ್ತದೆ, ಇಳಿತದಲ್ಲಿ ಬಾಗಿಲು ತೆರೆದು ಖಾಡಿಗೆ ಹೋಗುತ್ತದೆ. ಕುಮಟಾದ ಅಘನಾಶಿನಿ ತೀರದ ಗಜನಿ ಗದ್ದೆಗಳ ಕಟ್ಟೆ ಬಾಗಿಲು ನೋಡಿದವರಿಗೆ ಈ ವ್ಯವಸ್ಥೆ ಹೊಸದೇನಲ್ಲ.

ಸಮುದ್ರ ಏರಿದರೆ ಈ ಬಾಗಿಲಿಗೆ ಏನಾಗುತ್ತದೆ ಎಂದು ಸರಳ ಲೆಕ್ಕದಿಂದ ನೋಡಬಹುದು. ನೀರು 4 ಮೀಟರ್ ಏರಿಳಿಯುವ ದಿನ, ಬಾಗಿಲು ಸರಾಸರಿ ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಮೇಲಿದೆ ಎಂದುಕೊಳ್ಳಿ. 12 ಗಂಟೆ 25 ನಿಮಿಷದ ಒಂದು ಉಬ್ಬರದ ಸುತ್ತಿನಲ್ಲಿ ಅದು ಸುಮಾರು 4 ಗಂಟೆ 8 ನಿಮಿಷ ಮುಚ್ಚಿರಬೇಕು. ಸಮುದ್ರ ಅರ್ಧ ಮೀಟರ್ ಏರಿದರೆ 5 ಗಂಟೆ 13 ನಿಮಿಷ. ಒಂದು ಮೀಟರ್ ಏರಿದರೆ 6 ಗಂಟೆಗೂ ಹೆಚ್ಚು. ಅಂದರೆ ಅರ್ಧ ಮೀಟರ್ ಏರಿಕೆಗೇ ಪ್ರತಿ ಸುತ್ತಿನಲ್ಲಿ ನೀರು ಹೊರಬಿಡುವ ಸಮಯ ಒಂದು ಗಂಟೆಗೂ ಹೆಚ್ಚು ಕಡಿಮೆ. ಅಷ್ಟು ಹೊತ್ತಿನ ಮಳೆನೀರನ್ನು ಕೆರೆ ಹೆಚ್ಚುವರಿಯಾಗಿ ಹಿಡಿದಿಡಬೇಕು, ಇಲ್ಲವೇ ಪಂಪ್ ಹಾಕಬೇಕು. ಕೆರೆಯಲ್ಲಿ ಹೂಳು ತುಂಬಿದ್ದರೆ ಕಷ್ಟ ಇಮ್ಮಡಿ.

ಖಾಡಿ ದಂಡೆಯ ಕಾಂಡ್ಲಾ ಕಾಡು ಇನ್ನೊಂದು ರಕ್ಷಣೆ. ಅದು ಅಲೆಯ ಬಿರುಸು ತಗ್ಗಿಸಿ ಹೂಳನ್ನು ಹಿಡಿದು ನೆಲವನ್ನು ಎತ್ತರಿಸುತ್ತದೆ. ಹಿಂದೆ ಸರಿಯಲು ಜಾಗವಿದ್ದರೆ ಏರುವ ಸಮುದ್ರದ ಜೊತೆ ಹೊಂದಿಕೊಳ್ಳುತ್ತದೆ. ಹಿಂದೆ ಗೋಡೆ ಅಥವಾ ಕಟ್ಟಡ ಬಂದರೆ ಮುಳುಗುತ್ತದೆ. ಥಾಣೆ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ತಾಣವಾಯಿತು. ಕಾಂಡ್ಲಾ ನಾಶ ನಾಗರಿಕರ ಮೂಲಭೂತ ಹಕ್ಕಿನ ಉಲ್ಲಂಘನೆ ಎಂದು ಬಾಂಬೆ ಹೈಕೋರ್ಟ್ 2018ರಲ್ಲಿ ತೀರ್ಪು ನೀಡಿದೆ.

ಯಾವ ಅಂಕಿಯನ್ನು ಹಿಡಿದು ಯೋಜನೆ ಮಾಡಬೇಕು ಎಂಬುದು ಕೊನೆಯ ಪ್ರಶ್ನೆ. ಒಂದು ಕಟ್ಟಡ ಅಥವಾ ಸೇತುವೆ 60-70 ವರ್ಷ ನಿಲ್ಲಬೇಕು. ಈಗ ಕಟ್ಟುವ ನಾಲೆ, ಪಂಪ್‌ಹೌಸ್, ಬಾಗಿಲುಗಳ ಎತ್ತರ ನಿರ್ಧರಿಸುವಾಗ ಹಿಂದಿನ ಉಬ್ಬರದ ದಾಖಲೆಯೊಂದೇ ಸಾಲದು. ಮಾದರಿಗಳು ಕೊಡುವ ಕಡಿಮೆ ಮತ್ತು ಹೆಚ್ಚಿನ ಎರಡೂ ಅಂದಾಜುಗಳನ್ನು ನೋಡಬೇಕು. ಖಾಡಿ ಸಮೀಪ ಮನೆ ಕೊಳ್ಳುವವರೂ ಜಾಗದ ಎತ್ತರ, ಹತ್ತಿರದ ನಾಲೆ ಎಲ್ಲಿಗೆ ಸೇರುತ್ತದೆ, 2005ರಲ್ಲಿ ಅಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಳೆಯ ನಿವಾಸಿಗಳನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.